ನಲವತ್ತೈದು ಗ್ರಾಂ

ಮಾರ್ಚ್ 3, ಮಂಗಳವಾರ, ಬೆಳಿಗ್ಗೆ 6.30

ಮಗಳ ತೂಕ 54.2. ನಿನ್ನೆಗಿಂತ ಇನ್ನೂರು ಗ್ರಾಂ ಜಾಸ್ತಿ. ಯಾಕೆ ಅಂದೆ. "ನೀರು ಕುಡಿದೆ ಅಪ್ಪ" ಅಂದಳು. ನೀರಿಗೂ ತೂಕ ಇರುತ್ತೆ ಅಂತ ಹೇಳಿ ಕಾಟಾದಿಂದ ಇಳಿಸಿದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ತರಕಾರಿ ತೂಗೋ ಹಾಗೆ ತೂಗ್ತೀರಲ್ರೀ ಮಗೂನ" ಅಂತ ಮೂಗು ಮುರಿದಳು. ಮಗುವಿಗೆ ಇಪ್ಪತ್ತೆರಡು ವರ್ಷ. ತೂಗಿದ್ದಕ್ಕೇ ಹೋದ ವರ್ಷದ ಬೈಕ್ ರೇಸಿನಲ್ಲಿ ಮೂರನೇ ಸ್ಥಾನ ಬಂತು. ಎರಡನೆಯದು ಟೈರ್ ಅಂಗಡಿಯವನ ಮಗಳಿಗೆ. ಅವಳು ಬರೀ 48 ಕೆಜಿ. ಎಲ್ಲರೂ ಗುಬ್ಬಿ ಅಂತಲೇ ಕರೆಯೋದು.

ನಮ್ಮದು ಗುಬ್ಬಿ ಆಗೋ ಜಾತಿಯಲ್ಲ. ಅಮ್ಮನ ಮೈಕಟ್ಟು. ಅದಕ್ಕೇ ಗಾಡಿಯ ತೂಕ ಇಳಿಸಬೇಕು.

ಅದೇ ದಿನ, ಮಧ್ಯಾಹ್ನ

ತರಿಸಿದ್ದ ಹಗುರ ಚಕ್ರ ಬಂದವು. ಡಬ್ಬ ಒಡೆದ ಕೂಡಲೇ ಕಾಟಾದ ಮೇಲೆ. ಗಾಡಿ ಜೊತೆ ಬಂದಿದ್ದ ಹಳೇ ಮುಂದಿನ ಚಕ್ರ, ಬೇರಿಂಗ್ ಸೇರಿ, 4 ಕೆಜಿ 610. ಹೊಸದು 3 ಕೆಜಿ 31. ಎರಡು ಬೆರಳಲ್ಲಿ ಎತ್ತಿ ಹಿಡಿದೆ. ಎಂಥಾ ಕೆಲಸ! ಒಂದು ಗೀರಿಲ್ಲ, ಒಂದು ಬೆಸುಗೆ ಇಲ್ಲ.

ಆದರೂ ಆ ಮೂವತ್ತೊಂದು ಗ್ರಾಂ ಕಣ್ಣಿಗೆ ಚುಚ್ಚುತ್ತಿದೆ.

ಮಾರ್ಚ್ 4

ಎರಡು ಬೇರಿಂಗ್ ನಡುವೆ ಒಂದು ಸ್ಪೇಸರ್ ಕೂರುತ್ತೆ. ಬರೀ ಅಲ್ಯೂಮಿನಿಯಂ ಕೊಳವೆ. ನಟ್ ಬಿಗಿ ಮಾಡಿದಾಗ ಆ ಒತ್ತಡವನ್ನೆಲ್ಲ ತಾನು ಹೊತ್ತು ಬೇರಿಂಗ್ ಕಾಯೋದು ಅದರ ಕೆಲಸ. 62 ಗ್ರಾಂ. ದಪ್ಪ ನಾಲ್ಕು ಮಿಲ್ಲಿಮೀಟರ್. ಯಾರಿಗೆ ಬೇಕು ಇಷ್ಟು ದಪ್ಪ? ಲೇತಿಗೆ ಕಟ್ಟಿದೆ, ಒಳಗಿನಿಂದ ಕೊರೆದೆ, ಒಂದು ಮಿಲ್ಲಿ ಉಳಿಸಿದೆ. 17 ಗ್ರಾಂ. ಅಂದರೆ ನಲವತ್ತೈದು ಗ್ರಾಂ ಲಾಭ.

ಚಕ್ರ ಈಗ 2 ಕೆಜಿ 986.

ನಿಜ ಹೇಳಬೇಕೆಂದರೆ — ಇಲ್ಲಿ ಯಾರಿಗೆ ಸುಳ್ಳು ಹೇಳಬೇಕು — ನಟ್ಟನಡುವೆ ಇಳಿಸಿದ ತೂಕದಿಂದ ಚಕ್ರ ತಿರುಗೋದಕ್ಕೆ ಕೂದಲೆಳೆಯಷ್ಟೂ ಅನುಕೂಲವಿಲ್ಲ. ಅಂಚಿನಲ್ಲಿ ಇಳಿಸಿದ್ದಷ್ಟೇ ಲೆಕ್ಕ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೂರರ ಕೆಳಗೆ ಬರಬೇಕಿತ್ತು. ನಾಲ್ಕು ಜನ ಕೇಳಿದಾಗ ಹೇಳೋಕೆ.

ಹಾಕಿದೆ. ಬ್ರೇಕ್ ಡಿಸ್ಕ್ ಸರಿಯಾಗಿ ಕೂತಿತು. ನಟ್ ಬೇಕಾದಷ್ಟು ಬಿಗಿಯಾದ ಕೂಡಲೇ ಟಾರ್ಕ್ ರೆಂಚ್ "ಟಕ್" ಅಂತು. ಮಗಳು ಪಕ್ಕದಲ್ಲಿ ನಿಂತು ಚಿಂದಿಬಟ್ಟೆ ಕೊಡುತ್ತಿದ್ದಳು. "ಚೆನ್ನಾಗಿದೆ ಅಪ್ಪ" ಅಂದಳು. ಚೆನ್ನಾಗಿರದೆ ಏನು.

ಮಾರ್ಚ್ 8, ಭಾನುವಾರ

ಟ್ರ್ಯಾಕ್. ಹದಿನೈದು ಲ್ಯಾಪ್. ಒಂದು ಮುಕ್ಕಾಲು ಸೆಕೆಂಡು ಕಮ್ಮಿ! ಮಗಳು ಹೆಲ್ಮೆಟ್ ತೆಗೆದಾಗ ಮುಖ ತುಂಬಾ ನಗು. "ತಿರುಗಿಸೋದೇ ಬೇಡ ಅಪ್ಪ, ನೋಡಿದ ಕಡೆ ಹೋಗುತ್ತೆ."

ಎದೆ ಉಬ್ಬಿತು. ಹೇಳಲಿಲ್ಲ. ಹೊಗಳಿದರೆ ತಲೆ ಮೇಲೆ ಕೂರುತ್ತಾರೆ. "ಚಕ್ರ ಒಂದೂವರೆ ಕೆಜಿ ಇಳಿಸ್ತು. ನೀನು ಯಾವಾಗ?" ಅಂದೆ. ಸುತ್ತ ಇದ್ದವರೆಲ್ಲ ನಕ್ಕರು. ಅವಳು ಗ್ಲೌಸ್ ಬಿಚ್ಚುತ್ತಾ ಆ ಕಡೆ ತಿರುಗಿಕೊಂಡಳು.

ಮಧ್ಯಾಹ್ನ ಊಟ ಮಾಡಲಿಲ್ಲ. ಒಳ್ಳೇದೇ ಆಯಿತು.

ಮಾರ್ಚ್ 12

ಟೈರ್ ಅಂಗಡಿಯವನು ಬಂದ. ಅದೇ ಚಕ್ರ ತರಿಸಿದ್ದಾನೆ, ಹೊಟ್ಟೆಕಿಚ್ಚಿನ ಮುಂಡೇದು. ಜೇಬಿನಿಂದ ಸ್ಪೇಸರ್ ತೆಗೆದು ಮೇಜಿನ ಮೇಲಿಟ್ಟ. "ಅಣ್ಣ, ನಿಮ್ಮದು ಮೂರರ ಕೆಳಗೆ ಬಂತಂತೆ. ನನ್ನದಕ್ಕೂ ನಿಮ್ಮ ಕೈಚಳಕ ತೋರಿಸಿ."

ಓಡಿಸಬಹುದಿತ್ತು. ಆದರೆ ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಕೈಕಟ್ಟಿ ನಿಂತಿದ್ದ. ಆ ಸುಖ ಬಿಡೋದು ಹೇಗೆ? ಕೊರೆದು ಕೊಟ್ಟೆ. ಹದಿನೇಳು ಗ್ರಾಂ, ಕರೆಕ್ಟಾಗಿ. ಅದರಿಂದ ಅವನಿಗೆ ನಯಾಪೈಸೆ ಉಪಯೋಗ ಇಲ್ಲ ಅನ್ನೋದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹೋದಮೇಲೆ ಒಬ್ಬನೇ ನಕ್ಕೆ.

ಮಾರ್ಚ್ 15

ಮಗಳದು ಹೊಸ ರಾಗ. ಬ್ರೇಕ್ ಬಿಟ್ಟಮೇಲೂ ಮುಂದಿನ ಚಕ್ರ ಹಿಡಿದ ಹಾಗಿದೆಯಂತೆ. ಲ್ಯಾಪ್ ನಿಧಾನ. ಎರಡು ಸೆಕೆಂಡು ವಾಪಸ್ ಹೋಯಿತು.

ಸ್ಟ್ಯಾಂಡಿಗೆ ಹಾಕಿ ಕೈಯಲ್ಲಿ ತಿರುಗಿಸಿದೆ. ತಿರುಗಿತು. ಮೊದಲಿನಷ್ಟು ಹೊತ್ತಲ್ಲ... ಹೊಸ ಬೇರಿಂಗ್, ಗ್ರೀಸ್ ಗಟ್ಟಿ. ಇರುತ್ತೆ.

"ಗಾಡೀಲಿ ಏನೂ ಇಲ್ಲ. ನೀನೇ ಬೆರಳು ಬಿಡ್ತಿಲ್ಲ. ಬ್ರೇಕ್ ಲಿವರ್ ಮೇಲೆ ಎರಡು ಬೆರಳು ಒರಗಿಸಿಕೊಂಡೇ ಹೋಗ್ತೀಯ."

"ಬಿಡ್ತೀನಿ ಅಪ್ಪ."

"ಹೆದರಿಕೆ ನಿಂಗೆ. ಹೆದರಿಕೆ ಇರೋರು ಸ್ಕೂಟಿ ಓಡಿಸ್ಬೇಕು."

ಮನೆಗೆ ಬರೋವರೆಗೂ ವ್ಯಾನಿನ ಕಿಟಕಿ ಕಡೆ ಮುಖ.

ಮಾರ್ಚ್ 21, ಶನಿವಾರ

ಪ್ರಾಕ್ಟೀಸ್. ಅದೇ ದೂರು, ನಾಲ್ಕು ಸಲ. ಗುಬ್ಬಿಗೆ ಆ ತೊಂದರೆ ಇಲ್ಲವಲ್ಲ? ಅದೇ ಚಕ್ರ, ಅದೇ ಸ್ಪೇಸರ್, ಹಕ್ಕಿ ಹಾಗೆ ಹಾರುತ್ತಿದ್ದಾಳೆ. ಆ ಮಾತನ್ನೂ ಮುಖಕ್ಕೆ ಹೇಳಿದೆ.

ತಲೆ ಕೆಟ್ಟಿತು. ಬಲಗೈ ಗ್ಲೌಸಿನ ಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಮೂರನ್ನೂ ಸೇರಿಸಿ ಟೇಪ್ ಸುತ್ತಿದೆ. ತೋರುಬೆರಳು ಒಂದೇ ಹೊರಗೆ. "ಈಗ ಹೇಗೆ ಒರಗಿಸ್ತೀಯೋ ನೋಡ್ತೀನಿ" ಅಂದೆ. ಟೇಪ್ ಬಿಗಿಯಾಯಿತು ಅಂದಳು. ಆಗಲಿ ಅಂತಲೇ ಸುತ್ತಿದ್ದು.

ಮಾರ್ಚ್ 22, ಭಾನುವಾರ, ಬೆಳಿಗ್ಗೆ 7.10

53.1. ಇಷ್ಟು ದಿನದಲ್ಲಿ ಅತಿ ಕಮ್ಮಿ. ರೇಸ್ ಹನ್ನೊಂದಕ್ಕೆ. ಟೇಪ್ ಹೊಸದಾಗಿ ಸುತ್ತಿದೆ. ಈ ಸಲ ಕೈ ತಾನಾಗಿಯೇ ಚಾಚಿದಳು.

ಮಾರ್ಚ್ 29

ಬರೆಯೋಕೆ ಆಗಿರಲಿಲ್ಲ.

ಮೂರನೇ ಲ್ಯಾಪ್, ಬಲ ತಿರುವು. ಮುಂದಿನ ಚಕ್ರ ನಡುತಿರುವಿನಲ್ಲಿ ಗಕ್ಕನೆ ಹಿಡಿಯಿತು. ಗಾಡಿ ಬಲಕ್ಕೆ ಬಿತ್ತು, ಹ್ಯಾಂಡಲ್ ಕೆಳಗೆ ಕೈ. ಮೂರು ಬೆರಳು ಒಟ್ಟಿಗೆ ಇದ್ದವು, ಒಟ್ಟಿಗೇ ಜಜ್ಜಿಹೋದವು. ಡಾಕ್ಟರ್ ಹೇಳಿದ್ದು ಇಷ್ಟೇ: ಕಿರುಬೆರಳು ಕೂಡಿಕೊಳ್ಳುತ್ತೆ. ಉಳಿದೆರಡು ಇನ್ನು ಮಡಚೋದಿಲ್ಲ. ಗಾಡಿ ಓಡಿಸೋದು ಇರಲಿ, ಬಕೆಟ್ ಎತ್ತೋದೂ ಕಷ್ಟ.

ಅವತ್ತೇ ಆಸ್ಪತ್ರೆ ಬಾಗಿಲಿಗೆ ರೇಸ್ ಆಫೀಸಿನವರು ಫಾರ್ಮ್ ತಂದಿದ್ದರು. "ಬಿದ್ದ ಕಾರಣ" ಅಂತ ಒಂದು ಕಾಲಂ. ಬರೆದೆ: ಸವಾರಳ ತಪ್ಪು, ಬ್ರೇಕ್ ಬಿಡಲಿಲ್ಲ. ಸಹಿ ಹಾಕಿದೆ. ಗಾಡಿ ಮುಟ್ಟಿಯೂ ನೋಡಿರಲಿಲ್ಲ.

ಏಪ್ರಿಲ್ 2, ಬೆಳಿಗ್ಗೆ 9

ಇವತ್ತು ಚಕ್ರ ಬಿಚ್ಚಿದೆ.

ಸ್ಪೇಸರ್ ಕುಸಿದಿದೆ. ನಡುವೆ ಉಬ್ಬಿ, ಒಂದು ತುದಿ ಕಾಗದದ ಹಾಗೆ ಮಡಚಿಕೊಂಡಿದೆ. ವರ್ನಿಯರ್ ಇಟ್ಟು ನೋಡಿದೆ. ಉದ್ದದಲ್ಲಿ ಒಂದು ಮಿಲ್ಲಿಗಿಂತ ಜಾಸ್ತಿ ಹೋಗಿದೆ. ನಟ್ಟಿನ ಒತ್ತಡವೆಲ್ಲ ಬೇರಿಂಗ್ ಮೇಲೆ ಬಿದ್ದಿದೆ. ಬೇರಿಂಗ್ ಕಾದು ನೀಲಿ ಬಣ್ಣ, ಒಳಗಿನ ಗೋಲಿ ಎರಡು ಚೂರು.

ಅವಳು ಬೆರಳು ಬಿಟ್ಟಿದ್ದಳು. ಮೊದಲಿನಿಂದಲೂ ಬಿಡುತ್ತಿದ್ದಳು. ಹಿಡಿಯುತ್ತಿದ್ದದ್ದು ಚಕ್ರ. ಕೊರೆದವನು ನಾನು.

ಬೆಂಚಿನ ಮೇಲೆ ಕೂತೆ. ಹೆಂಡತಿ ಒಳಗಿಂದ ಕೂಗಿ ಕೇಳಿದಳು, "ಏನಾದ್ರೂ ಗೊತ್ತಾಯ್ತೇನ್ರೀ? ಗಾಡೀದೇನೂ ಇರ್ಲಿಲ್ಲ ತಾನೆ?"

"ಇಲ್ಲ" ಅಂದೆ. ಬಾಯಿ ತಾನಾಗಿ ಅಂದುಬಿಟ್ಟಿತು.

ಏಪ್ರಿಲ್ 3

ಮಗಳು ಮನೆಗೆ ಬಂದಳು. ಎಡಗೈಯಲ್ಲಿ ತಟ್ಟೆಯಿಂದ ತಿನ್ನೋಕೆ ಒದ್ದಾಡುತ್ತಿದ್ದಳು. ತಾಯಿ ತಿನ್ನಿಸೋಕೆ ಹೋದರೆ ಬೇಡ ಅಂದಳು. ಆಮೇಲೆ ನನ್ನ ಕಡೆ ನೋಡಿ,

"ಅಪ್ಪ, ನನಗೆ ಬೆರಳು ಬಿಟ್ಟಿದ್ದ ಹಾಗೇ ನೆನಪು. ನೀನು ಆ ತಿರುವಲ್ಲೇ ನಿಂತು ನೋಡ್ತಿದ್ದೆಯಲ್ಲ. ಬಿಟ್ಟಿರ್ಲಿಲ್ವಾ?"

ಇದಕ್ಕಿಂತ ಸುಲಭವಾಗಿ ಯಾರೂ ಬಾಗಿಲು ತೆಗೆದು ಕೊಡೋದಿಲ್ಲ. ಒಂದೇ ಮಾತು ಸಾಕಿತ್ತು.

"ಬಿಟ್ಟಿರ್ಲಿಲ್ಲ."

ತಲೆ ಆಡಿಸಿದಳು. "ಸಾರಿ ಅಪ್ಪ. ನಿನ್ನ ಇಷ್ಟು ದಿನದ ಕೆಲಸ ಹಾಳು ಮಾಡಿದೆ."

"ಇರಲಿ ಬಿಡು" ಅಂದೆ. ಕ್ಷಮಿಸಿದೆ. ನಾನು, ಅವಳನ್ನು.

ನಾಚಿಕೆ ಆಗಲಿಲ್ಲವೇ ಅಂದರೆ, ಆಯಿತು. ಜೊತೆಗೆ ಹಾಯೆನ್ನಿಸಿತು. ಅದನ್ನೂ ಬರೆದಿಡಬೇಕು.

ಏಪ್ರಿಲ್ 8

ಆರು ದಿನ ಬೇಕಾಯಿತು ನನ್ನ ಮಂಡೆಗೆ ಹೊಳೆಯೋಕೆ. ಇನ್ನೊಂದು ಸ್ಪೇಸರ್ ಇದೆ. ಗುಬ್ಬಿಯ ಗಾಡಿಯಲ್ಲಿ.

ಟೈರ್ ಅಂಗಡಿಗೆ ಹೋದೆ. ದಪ್ಪ ಸ್ಪೇಸರ್ ಜೇಬಿನಲ್ಲಿ. ಸದ್ದಿಲ್ಲದೆ ಬದಲಾಯಿಸಿ ಬರೋಣ ಅಂತ. "ಮುಂದಿನ ಚಕ್ರ ಒಂದ್ಸಲ ಬಿಚ್ಚಿ ಗ್ರೀಸ್ ಹಾಕಿಕೊಡ್ತೀನಿ" ಅಂದೆ.

ಅವನು ಟೈರಿನ ಮೇಲೆ ಕೂತೇ ಇದ್ದ. "ಚೆನ್ನಾಗಿ ಓಡ್ತಿರೋ ಗಾಡೀನ ಯಾಕಣ್ಣ ಬಿಚ್ಚೋದು?"

"ನೋಡೋಣ ಅಂತ..."

"ಅಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗಳು ಬಿದ್ದಳು, ನಮಗೂ ಹೊಟ್ಟೆ ಉರೀತು. ಹಾಗಂತ ನನ್ನ ಮಗಳ ಗಾಡಿಗೆ ನಿಮ್ಮ ಕೈ ಬೇಡ. ಗಾಡೀದಲ್ಲ, ನಿಮ್ಮ ಮಗಳದೇ ತಪ್ಪು ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ?"

ಹೌದು, ಬರೆದುಕೊಟ್ಟಿದ್ದೇನೆ. ವಾಪಸ್ ಬರೋವಾಗ ಅವನನ್ನೇ ಬೈದುಕೊಂಡೆ, ಮನಸಾರೆ.

ಏಪ್ರಿಲ್ 11, ಶನಿವಾರ

ನಾಳೆ ರೇಸ್. ಮಗಳು ಹಠ ಮಾಡಿದಳು, ಗುಬ್ಬಿಯ ಜೊತೆ ಇರುತ್ತೇನೆ ಅಂತ. ಕರೆದುಕೊಂಡು ಬಂದೆ. ಬರದೇ ಇರೋಕೂ ಆಗಲಿಲ್ಲ.

ತಪಾಸಣೆ. ಅಧಿಕಾರಿ ಗುಬ್ಬಿಯ ಗಾಡಿಯ ಮುಂದಿನ ಚಕ್ರದ ನಟ್ ಮೇಲೆ ಟಾರ್ಕ್ ರೆಂಚ್ ಇಟ್ಟ. "ಇದು ಸಡಿಲ ಇದೆಯಲ್ರೀ. ಯಾರು ಹಾಕಿದ್ದು?"

"ನಾನೇ, ಕೈ ಅಂದಾಜು" ಅಂದ ಟೈರ್ ಅಂಗಡಿಯವನು, ಹಲ್ಲು ಕಿರಿಯುತ್ತಾ.

ಆಗ ಗೊತ್ತಾಯಿತು ಗುಬ್ಬಿ ಇಷ್ಟು ದಿನ ಯಾಕೆ ಬಚಾವಾದಳು ಅಂತ. ನಟ್ ಸಡಿಲ, ಸ್ಪೇಸರ್ ಮೇಲೆ ಒತ್ತಡವೇ ಬಿದ್ದಿರಲಿಲ್ಲ; ಅವನ ಸೋಮಾರಿತನ ಕಾಪಾಡಿತ್ತು. ಅಧಿಕಾರಿ ಪೂರ್ತಿ ಬಿಗಿ ಮಾಡಿದ, ರೆಂಚ್ "ಟಕ್" ಅನ್ನೋವರೆಗೂ. ಮೂರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ನಟ್ಟಿಗೆ ತಂತಿ ಸುತ್ತಿ, ಹಳದಿ ಬಣ್ಣ ಹಚ್ಚಿ ಸೀಲ್ ಮಾಡಿದ. ಇನ್ನು ರೇಸ್ ಮುಗಿಯೋವರೆಗೂ ಯಾರೂ ಬಿಚ್ಚೋ ಹಾಗಿಲ್ಲ.

ಬಿಚ್ಚಬೇಕಾದರೆ ಕಾರಣ ಬರೆದು ಸಹಿ ಮಾಡಿ ಕೊಡಬೇಕು. ಫಾರ್ಮ್ ಇಸಕೊಂಡು ಬಂದಿದ್ದೇನೆ. ಖಾಲಿ ಇದೆ.

ಏಪ್ರಿಲ್ 12, ಭಾನುವಾರ, ಬೆಳಿಗ್ಗೆ 10.35

ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೊಣಕಾಲ ಮೇಲೆ ಫಾರ್ಮ್, ಅದರ ಮೇಲೆ ಈ ಡೈರಿ.

ಗುಬ್ಬಿ ವಾರ್ಮ್‌ಅಪ್ ಮುಗಿಸಿ ಬಂದಳು. ಮುಖ ಸಣ್ಣದಾಗಿತ್ತು. ನನ್ನ ಮಗಳ ಹತ್ತಿರ ಬಂದು ಮೆಲ್ಲಗೆ, "ಅಕ್ಕ, ಮುಂದಿನ ಚಕ್ರ ಏನೋ ಬಿಗಿ. ಬ್ರೇಕ್ ಬಿಟ್ಟಮೇಲೂ ಎಳೆಯುತ್ತೆ. ಅಪ್ಪಂಗೆ ಹೇಳ್ಲಾ?"

ನನ್ನ ಕಿವಿಗೆ ಬಿತ್ತು. ನಾಲ್ಕು ಅಡಿ ದೂರದಲ್ಲಿದ್ದೆ.

ಮಗಳು ಅವಳ ಭುಜ ಹಿಡಿದಳು, ಒಳ್ಳೆಯ ಎಡಗೈಯಲ್ಲಿ. "ನಂಗೂ ಹಾಗೇ ಅನ್ನಿಸ್ತಿತ್ತು ಕಣೇ. ಚಕ್ರ ಅಲ್ಲ ಅದು, ನಾವೇ. ಒಳಗೆ ಹೆದರಿಕೆ ಇದ್ರೆ ಕೈ ಬಿಡಲ್ಲ, ನಮಗೆ ಗೊತ್ತೂ ಆಗಲ್ಲ. ನಮ್ಮಪ್ಪ ಎಷ್ಟು ಹೇಳಿದ್ರೂ ನಾನು ನಂಬ್ಲಿಲ್ಲ." ಬ್ಯಾಂಡೇಜಿನ ಕೈ ಎತ್ತಿ ತೋರಿಸಿದಳು. "ನೀನು ನಂಬು. ಧೈರ್ಯವಾಗಿ ಹೋಗು."

ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ವಾ ಅಪ್ಪ?"

ಗುಬ್ಬಿಯೂ ನೋಡಿದಳು. ಇಬ್ಬರೂ ಕಾಯುತ್ತಿದ್ದರು.

ಹೌದು ಅಂತ ತಲೆ ಆಡಿಸಿದೆ.

ಅದಾಗಿ ಹತ್ತು ನಿಮಿಷ. ಗುಬ್ಬಿ ಹೆಲ್ಮೆಟ್ ಹಾಕಿಕೊಂಡಾಯಿತು. ಸ್ಟಾರ್ಟ್ ಹನ್ನೊಂದಕ್ಕೆ. ಫಾರ್ಮಿನಲ್ಲಿ ಮೂರು ಪದ ಬರೆದರೆ ಮುಗಿಯಿತು — ಸ್ಪೇಸರ್ ಕೊರೆದವನು ನಾನು. ಬರೆಯಬಲ್ಲೆ, ಇಲ್ಲಿ ಬರೆದೇಬಿಟ್ಟೆನಲ್ಲ. ಆಫೀಸು ಇಲ್ಲಿಂದ ಇನ್ನೂರು ಹೆಜ್ಜೆ. ಅಲ್ಲಿಗೆ ಹೋಗೋ ದಾರಿಯಲ್ಲೇ ಮಗಳು ನಿಂತಿದ್ದಾಳೆ, ಕೈಯಲ್ಲಿ ಏನದು ಅಂತ ಕೇಳುತ್ತಾಳೆ.

10.52. ಗಾಡಿಗಳು ಸಾಲಾಗಿ ಸ್ಟಾರ್ಟ್ ಗೆರೆಯ ಕಡೆ ಹೊರಟವು. ಇನ್ನೂ ಟೈಮ್ ಇದೆ, ನಿಲ್ಲಿಸಬಹುದು. ಏಳುತ್ತೇನೆ. ಈ ಒಂದು ಸಾಲು ಮುಗಿಸಿ