ತಂಗಮ್ಮನ ಹೆಸರಿಲ್ಲದ ಹಾಡು

ಶಶಿ,

ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ನೀನು ಏನೋ ಹೇಳಿ ನಗಿಸುತ್ತಿದ್ದೆ, ನಾನು ಕರಗಿಬಿಡುತ್ತಿದ್ದೆ. ಇಷ್ಟು ವರ್ಷ ನಡೆದದ್ದೇ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ರಾಕ್ ಬ್ಯಾಂಡ್ ಹಳತಾಗದಿರಲೆಂದು ನೀನು ಮಾಡಿದ್ದಕ್ಕೆಲ್ಲ ತಲೆಯಾಡಿಸಿದ್ದೇನೆ. 'ಇಂಬಳ ಅಂದ್ರೆ ಟೂರಿಸ್ಟ್‌ಗಳು ಕಾಲು ನೋಡ್ಕೋತಾರೆ ಮಾರಾಯ' ಎಂದು, ಜಿಗಣೆಯ ಮೇಲೆ ನಾವಿಟ್ಟ ಬ್ಯಾಂಡಿನ ಹೆಸರನ್ನೇ ಬದಲಿಸಿದೆ. ತಲೆಗೆ ಬಣ್ಣ ಹಚ್ಚಿಕೊಂಡೆ, ನನಗೂ ಹಚ್ಚಿಸಿದೆ. ಏಳು ನಿಮಿಷದ ಹಾಡುಗಳು ರೀಲ್ಸಿಗೆಂದು ಅರ್ಧ ನಿಮಿಷವಾದವು. ಹೊಸ ಹುಡುಗ ತನ್ಮಯ್ ಲ್ಯಾಪ್‌ಟಾಪ್ ಹಿಡಿದು ಬಂದ ಮೇಲೆ ನನ್ನ ಡ್ರಮ್ಸ್ ಅರ್ಧಕ್ಕರ್ಧ ಅದರೊಳಗೆ ಸೇರಿಹೋಯಿತು. ಹೊಟ್ಟೆ ಉರಿಯಿತು, ನಿಜ. ಆದರೂ ಅಡ್ಡ ಬರಲಿಲ್ಲ. ಐವತ್ತರ ಹತ್ತಿರ ಬಂದ ನಮ್ಮನ್ನು ಕಾಲೇಜು ಹುಡುಗರು ಕೇಳಲಿ ಎಂಬ ಆಸೆ ನನಗೂ ಇತ್ತು.

ಆದರೆ 'ಹಾಜರಿ' ಹಾಡಿಗೆ ಕೈ ಹಾಕಬಾರದಿತ್ತು. ಆಲ್ದೂರಿನಲ್ಲಿ ನಿಮ್ಮಪ್ಪ ಬಸವರಾಜಪ್ಪನವರ ಕಾಫಿ ಗೋದಾಮಿನಲ್ಲಿ, ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳ ನಡುವೆ ಕೂತು ಅದನ್ನು ಕಟ್ಟಿದೆವು. ಬಾಳೂರಿನ ನಿಮ್ಮ ಎಸ್ಟೇಟಿನಲ್ಲಿ ಬೆಳಿಗ್ಗೆ ಹಾಜರಿ ಬರೆಯುವ ರೈಟರ್ ಆಳುಗಳ ಹೆಸರು ಕೂಗುವ ಹಾಗೆ ನೀನು 'ತಂಗಮ್ಮಾ' ಎಂದು ಕೂಗುವುದು, ಜನ 'ಬಂದೇ' ಎನ್ನುವುದು. ಹೆಸರು ಅಲ್ಲಿ ಆಳಾಗಿದ್ದ ನನ್ನ ಅವ್ವನದು. ಮೊದಲ ಸಲ ಆಲ್ದೂರಿನ ಮೈದಾನವೆಲ್ಲ 'ಬಂದೇ' ಎಂದಾಗ ನಾನು ಅಳುತ್ತಲೇ ಬಾರಿಸಿದ್ದೆ. 'ಈ ಕೂಗು ಇರೋ ತನಕ ನಾವು ಮುದುಕ್ರಾಗಲ್ಲ ಕಣೋ' ಎಂದವನು ನೀನು.

ಅವ್ವ ಒಂದು ಸಲವೂ ಅದನ್ನು ಕೇಳಿರಲಿಲ್ಲ. ಮೊನ್ನೆ ಕೊಟ್ಟಿಗೆಹಾರದ ರೆಸಾರ್ಟಿನ ಕಾರ್ಯಕ್ರಮಕ್ಕೆ ಅವಳನ್ನು ಕರೆತರುತ್ತೇನೆಂದು ನಿನಗೂ ಹೇಳಿದ್ದೆ. ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು ಬಂದಳು. ಮುಂದಿನ ಸಾಲಿನಲ್ಲಿ ಕೂರಲು ನಾಚಿ, ಅಡುಗೆಮನೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಳು. ಹೆಸರು ಕೂಗಿದಾಗ ತಾನೂ ಓಗೊಡಬೇಕೆಂದು ಜೀಪಿನಲ್ಲಿ ಬರುವಾಗಲೇ 'ಬಂದೇ, ಬಂದೇ' ಎಂದು ಮೆಲ್ಲಗೆ ಹೇಳಿ ನೋಡಿಕೊಂಡಿದ್ದಳು.

ಹಾಡಿನಲ್ಲಿ ಹೆಸರು ಕೂಗುವ ಜಾಗ ಬಂದಾಗ ನಾನು ಸ್ಟಿಕ್ ಎತ್ತಿ ಕಾದೆ. ನೀನು 'ಚಿಕ್ಕಮಗಳೂರೂ' ಎಂದು ಕಿರುಚಿ ಚಪ್ಪಾಳೆ ಹೊಡೆಸಿದೆ. ವೇದಿಕೆ ಇಳಿದ ಮೇಲೆ ಕೇಳಿದರೆ, 'ತಂಗಮ್ಮ ಯಾರು ಅಂತ ಗೆಸ್ಟ್‌ಗಳಿಗೆ ಗೊತ್ತಿಲ್ವಲ್ಲ ಮಾರಾಯ, ಈಗಿನೋರಿಗೆ ಹಿಡಿಸಲ್ಲ' ಎಂದೆ. ಆಲ್ದೂರಿನ ಜನಕ್ಕೂ ಗೊತ್ತಿರಲಿಲ್ಲ ಶಶಿ. ಆದರೂ ಅವರು ಓಗೊಟ್ಟಿದ್ದರು.

ವಾಪಸು ಬರುವಾಗ ನನ್ನ ಮುಖ ನೋಡಿ ಅವ್ವ, 'ಸಿಟ್ಟು ಮಾಡ್ಬ್ಯಾಡ ಮಗಾ. ಪಾಪ, ಸಣ್ಣ ಯಜಮಾನ್ರಿಗೂ ವಯಸ್ಸಾತಲ್ಲ, ಮರ್ತೋಗಿರ್ತದೆ' ಎಂದಳು. ಹೌದವ್ವ, ಅವನಿಗೆ ಮರೆವು ಜಾಸ್ತಿಯಾಗಿದೆ ಎಂದೆ. ನೀನು ಬೇಕೆಂದೇ ಬಿಟ್ಟೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನು ನನ್ನನ್ನು ಯಾವ ಕಾರ್ಯಕ್ರಮಕ್ಕೂ ಕಾಯಬೇಡ, ಲ್ಯಾಪ್‌ಟಾಪ್ ಇದೆ. ಜೊತೆಗಿರುವ ಪೊಟ್ಟಣದಲ್ಲಿ ಒಂದೆಲಗದ ಸೊಪ್ಪಿದೆ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಅವ್ವ ನಿನಗಾಗಿ ಗದ್ದೆ ಬದುವಿನಿಂದ ಕಿತ್ತು ತಂದದ್ದು. ಚಟ್ನಿ ಮಾಡಿ ತಿನ್ನಬೇಕಂತೆ.

ನಿನಗೆ ಬೇಗ ವಯಸ್ಸಾಗಲಿ.

ತಂಗಮ್ಮನ ಮಗ,
ಉಮೇಶ