ಚಾಡಿಕೋರ ಪ್ರೋಟೀನು

೧೪ ಮಾರ್ಚ್, ಸೋಮವಾರ

ಪ್ರೀತಿಯ ಅಕ್ಕನಿಗೆ ನಿಮ್ಮ ಮನೆಯ ಪೊಲೀಸಮ್ಮನ ನಮಸ್ಕಾರ.

ಕಾಗದ ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಭಾವ ಎತ್ತಿದರೆ "ಈಗಷ್ಟೇ ಮಲಗಿದ್ಳು" ಅನ್ನುತ್ತಾರೆ. ಹಗಲು ಹೊತ್ತು ಮಲಗುವವಳಲ್ಲ ನೀನು. ಅಲ್ಲಿಗೇ ನನಗೆ ಮೊದಲ ಅನುಮಾನ ಬಂತು.

ಇಲ್ಲಿ ಎಲ್ಲರೂ ಕ್ಷೇಮ. ನನ್ನವರು ಹೊಸ ಕನ್ನಡಕ ಮಾಡಿಸಿಕೊಂಡು, ಅದನ್ನು ಹುಡುಕಲು ಹಳೆಯದನ್ನು ಹಾಕಿಕೊಂಡು ಓಡಾಡುತ್ತಿದ್ದಾರೆ.

ನಮ್ಮ ಲ್ಯಾಬಿನ ಸುದ್ದಿ ಕೇಳು. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ಪ್ರೋಟೀನುಗಳನ್ನು ಬಿಡುತ್ತವೆ ಎಂದು ನೀನು ಬಂದಾಗ ಹೇಳಿದ್ದೆನಲ್ಲ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಶುರುವಾದಾಗ ಅಂಥದೊಂದು ಪ್ರೋಟೀನು ರಕ್ತದಲ್ಲಿ ಹೆಚ್ಚುತ್ತದೆಯೇ, ಅದನ್ನು ನೋಡಿ ಕಾಯಿಲೆಯನ್ನು ಮೊದಲೇ ಹಿಡಿಯಬಹುದೇ ಎಂಬುದೇ ನಮ್ಮ ಅಧ್ಯಯನ. ಕರುಳು ಬಾಯಿಬಿಡದ ಗುಟ್ಟನ್ನು ರಕ್ತಕ್ಕೆ ಹೇಳುತ್ತದೆಂದು ನಾವು ಅದನ್ನು ಚಾಡಿಕೋರ ಅನ್ನುತ್ತೇವೆ. ಹೋಲಿಸಿ ನೋಡಲು ಕಾಯಿಲೆಯಿಲ್ಲದವರ ರಕ್ತವೂ ಬೇಕಿತ್ತು. ನೀನೂ ಕೊಟ್ಟೆ.

ಆ ಕಾಯಿಲೆಯಿಲ್ಲದವರ ಗುಂಪಿನಲ್ಲೇ ಒಂದು ಟ್ಯೂಬಿನಲ್ಲಿ ಚಾಡಿಕೋರ ವಿಪರೀತ ಏರಿತ್ತು. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ನನ್ನ ಕಣ್ಣು ಮೊದಲು ಬಿದ್ದದ್ದು ರಕ್ತ ತೆಗೆಯುವ ಜೊತೆಗಾರನ ಮೇಲೆ, ನಾವೆಲ್ಲ ಮೀಸೆ ಎಂದು ಕರೆಯುವವನು. ಕೈಯಲ್ಲಿ ರಕ್ತ ಹಿಡಿದುಕೊಂಡು ಕ್ರಿಕೆಟ್ ಮಾತಾಡುವ ಮನುಷ್ಯ ಅವನು.

"ರೋಗಿಗಳ ಟ್ಯೂಬ್ ಇಲ್ಲಿ ಸೇರಿಸಿದ್ದೀಯ, ಒಪ್ಕೋ" ಅಂದೆ.

"ಅಲ್ಲಮ್ಮ, ನಿನ್ನ ಕಣ್ಣಿಗೆ ನಾನೊಬ್ನೇ ಕಾಣೋದಾ? ಆ ಮೆಷಿನ್ನನ್ನೂ ಸ್ವಲ್ಪ ವಿಚಾರ್ಸು" ಅಂದ.

ಮೆಷಿನ್ನನ್ನೂ ಬಿಡಲಿಲ್ಲ. ಮತ್ತೆ ಪರೀಕ್ಷೆ ಮಾಡಿದರೂ ಅದೇ ಉತ್ತರ ಬಂತು.

ಕೊನೆಗೆ ನಮ್ಮ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ, "ಯಾರದ್ದು ಅಂತ ನಾನೇ ತೆಗೆಸ್ತೀನಿ, ಅವರನ್ನ ಕರೆಸೋಣ" ಎಂದು ಒಳಗೆ ಹೋಗಿ ಮೇಜಿನ ಫೋನಿನಿಂದ ನಂಬರ್ ಒತ್ತಿದರು. ನನ್ನ ಕೋಟಿನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಿ ನೋಡಿದರೆ ಗಾಜಿನ ಬಾಗಿಲಿನ ಆಚೆ ಅವರು, ಈಚೆ ನಾನು. "ನೀನ್ಯಾಕೆ ಎತ್ತಿದೆ?" ಎಂದರು. ಒಳಗೆ ಹೋಗಿ ಅವರ ಮುಂದಿದ್ದ ಚೀಟಿ ನೋಡಿದೆ: ಹೆಸರು ನಿನ್ನದು, ನಂಬರ್ ನನ್ನದು.

ಅಕ್ಕ, ನಂಬರ್ ಕೇಳಿದಾಗ ನನ್ನದನ್ನೇಕೆ ಕೊಟ್ಟೆ? ಸೂಜಿ ಕಂಡರೆ ಮಾರುದೂರ ಓಡುವವಳು ಅವತ್ತು ಕೇಳುವ ಮೊದಲೇ ತೋಳು ಚಾಚಿದೆ. ಹೊಟ್ಟೆಯ ತೊಂದರೆ, ರಕ್ತ ಹೋಗುವುದು ಏನಾದರೂ ಇದೆಯೇ ಎಂದು ಮೀಸೆ ಕೇಳಿದ್ದಕ್ಕೆ ನನ್ನ ಮುಖ ನೋಡದೆ "ಏನೂ ಇಲ್ಲಪ್ಪ" ಅಂದೆ. ನಮ್ಮ ಮನೆಯಲ್ಲಿದ್ದಷ್ಟು ದಿನ ಅರ್ಧ ಊಟಕ್ಕೇ ಎದ್ದು ಹೋಗುತ್ತಿದ್ದೆ. ನನ್ನ ಅಡುಗೆ ನಿನಗೆ ಸೇರಲಿಲ್ಲವೆಂದು ನಾನು ಮುಖ ಊದಿಸಿಕೊಂಡೆ. ನಿನಗೆ ಅನುಮಾನ ಇದ್ದೇ ಇತ್ತು. ಬಾಯಿಬಿಟ್ಟು ಹೇಳದೆ ತಿಳಿದುಕೊಳ್ಳಲು ಬಂದಿದ್ದೆ.

ಹೆದರಬೇಡ. ಚಾಡಿಕೋರನೊಬ್ಬನ ಮಾತು ನಂಬಿ ಯಾರೂ ತೀರ್ಪು ಕೊಡುವುದಿಲ್ಲ. ಬೇರೆ ಬಾವು ಇದ್ದರೂ ಅದು ಏರಬಹುದು. ಕ್ಯಾಮೆರಾ ಒಳಗೆ ಬಿಟ್ಟು ಕರುಳನ್ನು ಕಣ್ಣಾರೆ ನೋಡಬೇಕು. ಬರುವ ವಾರ ಗುರುವಾರಕ್ಕೆ ಹೇಳಿಟ್ಟಿದ್ದೇನೆ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ನಿನ್ನ ನೆಪಗಳೆಲ್ಲ ನನಗೆ ಗೊತ್ತು. ಭಾವನಿಗೆ ನಮಸ್ಕಾರ, ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ ತಂಗಿ

ಬಿಟ್ಟುಹೋದ ಮಾತು: ಅಮ್ಮನಿಗೆ ಕರುಳಿನ ಕ್ಯಾನ್ಸರ್ ಇತ್ತೆಂದು ನನಗೆ ಗೊತ್ತಾದದ್ದು ಅವಳು ಹೋದ ಮೇಲೆ. "ಅವಳಿಗೆ ಹೇಳ್ಬೇಡ, ಕೆದಕಿ ಕೆದಕಿ ಪ್ರಾಣ ತಿಂತಾಳೆ" ಎಂದು ಅಮ್ಮ ನಿನ್ನಿಂದ ಮಾತು ತೆಗೆದುಕೊಂಡಿದ್ದಳಂತೆ. ಅಮ್ಮನನ್ನು ನೋಡಲು ಕೊನೆಯ ಸಲ ಬಂದಾಗ ನಾನು ಕಿಟಕಿ ಪರದೆಯ ಬಣ್ಣಕ್ಕೆ ಅವಳ ಹತ್ತಿರ ಜಗಳವಾಡಿ, ಹೇಳದೆ ಎದ್ದು ಬಂದೆ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ, ಅಕ್ಕ. ನನ್ನನ್ನು ತಡೆಯಲಿಲ್ಲ.