ಹದಿನಾಲ್ಕನೇ ತುದಿ

ಮನೆಯಿಂದ,
ಮಾರ್ಚ್ ೧೧, ಬೆಳಗ್ಗೆ

ನನ್ನ ಗುಬ್ಬೀ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಹೋದ ತಿಂಗಳು ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜಿದ ಪುಡಿ ಗಾಳಿಯಲ್ಲೇ ಇರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ "ಆಯ್ತಮ್ಮ" ಅನ್ನುತ್ತೀಯ. ನಿನ್ನ "ಆಯ್ತಮ್ಮ"ದ ಅರ್ಥ ನನಗೆ ಗೊತ್ತಿಲ್ಲವೇ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಅರ್ಧ ನಿಜ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಬಲಗೈ ಮಾತ್ರ ನನ್ನ ಮಾತು ಕೇಳುವುದಿಲ್ಲ. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಕೈ ಸುಮ್ಮನಿರುತ್ತದೆ, ಆಗ ಬರೆಯುತ್ತೇನೆ. ಇದು ನಾಲ್ಕನೇ ಬೆಳಗ್ಗೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ "ಇರಲಿ ಬಿಡಮ್ಮ" ಅಂದರೆ ನಾನು ಅಷ್ಟಕ್ಕೇ ನಿಲ್ಲಿಸಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಹೇಳಿಕೊಂಡು ಬರದಿದ್ದರೆ ಕೊನೆಯದನ್ನು ಹೇಳಲು ನನಗೆ ಧೈರ್ಯ ಬರುವುದಿಲ್ಲ. ನಾನು ಆ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಗಾಜಿನ ಎಳೆಯ ತುದಿ ಮಾಡಿದವಳು. ಕೂದಲಿನಂಥ ಎಳೆಯನ್ನು ಕಾಯಿಸಿ ಎರಡೂ ಕಡೆ ಎಳೆದರೆ ಅದು ಸಣ್ಣಗಾಗುತ್ತಾ ಹೋಗಿ ತುಂಡಾಗುತ್ತದೆ. ಆ ಚೂಪಿಗೆ ಅಲ್ಯೂಮಿನಿಯಂ ಲೇಪಿಸಿ, ಕೊಟ್ಟಕೊನೆಯಲ್ಲಿ ಬೆಳಕಿನ ಅಲೆಗಿಂತ ಚಿಕ್ಕದಾದ ಒಂದು ತೂತು ಮಾತ್ರ ಬಿಡಬೇಕು. ನೀನು ಪಿಎಚ್‌ಡಿಗೆ ಅಲ್ಲಿಗೇ ಸೇರಿದ ದಿನ ನಿಮ್ಮಪ್ಪ ಊಟದ ಮೇಜಿನಲ್ಲಿ ಕೇಳಿದ್ದರು, ಅಷ್ಟು ಸಣ್ಣ ತೂತು ಯಾಕೆ ಅಂತ. ನೀನು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ: "ಅಪ್ಪಾ, ದೂರದಿಂದ ನೋಡಿದ್ರೆ ಹತ್ತಿರ ಹತ್ತಿರ ಇರೋ ಎರಡು ಚುಕ್ಕೆ ಒಂದೇ ಥರ ಕಾಣುತ್ತೆ. ಎಂಥಾ ಒಳ್ಳೆ ಲೆನ್ಸ್ ಹಾಕಿದ್ರೂ ಅಷ್ಟೇ. ಅದಕ್ಕೆ ನಾವು ಈ ತೂತನ್ನ ಮೇಲ್ಮೈಗೆ ತಾಗಿತೋ ಇಲ್ಲವೋ ಅನ್ನೋಷ್ಟು ಹತ್ತಿರ ಒಯ್ದು, ಒಂದೊಂದೇ ಚುಕ್ಕೆ ಓದ್ಕೊಂಡು ಹೋಗ್ತೀವಿ. ಕತ್ತಲಲ್ಲಿ ಗೋಡೆ ತಡವಿದ ಹಾಗೆ, ಕೈ ಬದಲು ಬೆಳಕು." ನಿಮ್ಮಪ್ಪ ಬಸ್ಸು ಓಡಿಸಿದವರು, ಥಟ್ಟನೆ ಅರ್ಥ ಮಾಡಿಕೊಂಡರು. "ತಾಯಿ ಮಗಳಿಬ್ಬರೂ ಕಾಣದೇ ಇರೋದನ್ನೆಲ್ಲ ನೋಡ್ತೀರಿ. ಎದುರಿಗಿರೋ ನನ್ನ ಕನ್ನಡಕ ಮಾತ್ರ ಈ ಮನೇಲಿ ಯಾರಿಗೂ ಕಾಣಲ್ಲ" ಅಂದಿದ್ದರು. ಎಷ್ಟು ನಕ್ಕೆವು ಅವತ್ತು.

ನಿನ್ನ ಲೇಖನದ ಆ ಜೋಡಿ ಚುಕ್ಕೆಗಳ ಚಿತ್ರ ಸಿಕ್ಕ ವಾರಕ್ಕೂ ಮೊದಲೇ, ಸುಮಾರು ನಾಲ್ಕು ತಿಂಗಳಿನಿಂದ, ನನ್ನ ಕೈ ನಡುಗಲು ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ನಿನಗೆ ಅಜ್ಜಿಯ ನೆನಪಿರಲಿಕ್ಕಿಲ್ಲ. ನನ್ನಮ್ಮ ಕೈ ನಡುಕ ಬಂದ ಮೇಲೆ ಹನ್ನೊಂದು ವರ್ಷ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬೇರೆಯವರು ತಿನ್ನಿಸಿದ್ದನ್ನು ತಿಂದರು. ನಾನೂ ಅಲ್ಲಿಗೇ ಬಂದೆನಲ್ಲ ಎಂಬ ಹೆದರಿಕೆಯಲ್ಲಿ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಕೆಲಸ ಮಾಡುತ್ತಿದ್ದೆ. ಹದಿನಾಲ್ಕನೇ ತುದಿಯನ್ನು ಹಿಡಿಕೆಗೆ ಅಂಟಿಸುವಾಗ ಕೈ ಜಾರಿ ಅದು ಗಾಜಿನ ತಟ್ಟೆಯ ಅಂಚನ್ನು ಸವರಿತು. ಬೆಳಕು ಹಾಯಿಸಿ ನೋಡಿದರೆ ಬರಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿತ್ತು. ಎಸೆಯಬೇಕಿತ್ತು. ಆದರೆ ಆ ವಾರ ನಾನಾಗಲೇ ಐದು ಕೆಡಿಸಿದ್ದೆ. ನೀನು ಬಾಗಿಲಲ್ಲಿ ನಿಂತು, "ಅಮ್ಮಾ, ತುದಿ ಸಿದ್ಧ ಇದ್ಯಾ?" ಅಂದೆ. ತುದಿಗಳ ಲೆಕ್ಕದ ಪುಸ್ತಕದಲ್ಲಿ "೧೪, ಸರಿಯಿದೆ" ಎಂದು ಬರೆದು ನಿನ್ನ ಕೈಗೆ ಕೊಟ್ಟೆ.

ಅವತ್ತು ಮಧ್ಯಾಹ್ನ ನೀನು ಮೆಟ್ಟಿಲು ಹಾರಿಕೊಂಡು ಬಂದು ನನ್ನನ್ನು ತಬ್ಬಿಕೊಂಡೆ. ನೀನು ಪರೀಕ್ಷಿಸುತ್ತಿದ್ದ ಮೆದು ಪದರದಲ್ಲಿ ಚದುರಿದ ಹೊಳೆಯುವ ಬಣ್ಣದ ಕಣಗಳು ಒಂಟಿಯಾಗಿರುವುದಿಲ್ಲ, ಜೋಡಿ ಜೋಡಿಯಾಗಿ ಕೂತಿರುತ್ತವೆ, ಇದುವರೆಗೆ ಯಾರೂ ನೋಡಿಲ್ಲ ಎಂದೆ. ಹದಿನಾಲ್ಕನೇ ತುದಿ ಇನ್ನೂ ಯಂತ್ರದಲ್ಲೇ ಇತ್ತು. ಮರುದಿನ ತುದಿ ಸವೆದಿದೆ ಎಂದು ನೆಪ ಹೇಳಿ ಅದನ್ನು ಬಿಚ್ಚಿಕೊಂಡು ಹೊಸದು ಹಾಕಿದೆ. ಹೊಸದರಲ್ಲಿ ಜೋಡಿಗಳು ಕಾಣಲಿಲ್ಲ. ಬೆಳಕು ತಿಂದು ಬಣ್ಣ ಮಾಸಿರಬೇಕು ಎಂದುಕೊಂಡೆ ನೀನು. ಹಾಗೆ ಆಗುವುದೂ ಉಂಟು. ನಾನು ತಲೆಯಾಡಿಸಿದೆ.

ಆಮೇಲಿನದು ನಿನಗೇ ಗೊತ್ತು. ಲೇಖನ ಬಂತು, ಎಲ್ಲರೂ ಹೊಗಳಿದರು, ಬೇರೆ ಮೂರು ಕಡೆ ಮಾಡಿ ನೋಡಿದವರಿಗೆ ಒಂಟಿ ಕಣಗಳೇ ಕಂಡವು. ವಿಚಾರಣೆ ನಡೆಸಲು ಪ್ರಯೋಗಾಲಯದ ಓದುವ ಕೋಣೆಯಲ್ಲಿ ಮೂರು ಜನ ಕೂತಿದ್ದರು. ಬಿಳಿ ಕೂದಲಿನ ಆ ಮೇಡಂ ನಿನ್ನ ಚಿತ್ರದ ಮೇಲೆ ಸ್ಕೇಲು ಇಟ್ಟು, "ಎಲ್ಲಾ ಜೋಡಿಗಳೂ ಒಂದೇ ಕಡೆ ವಾಲಿವೆಯಲ್ಲ, ಒಂದೇ ಅಂತರದಲ್ಲಿವೆಯಲ್ಲ, ಯಾಕೆ?" ಎಂದರು. ಪದರವನ್ನು ದ್ರಾವಣದಿಂದ ಮೇಲೆತ್ತಿದ ದಿಕ್ಕಿಗೆ ಕಣಗಳು ವಾಲಿರಬಹುದು ಎಂದೆ ನೀನು. ಗುಬ್ಬೀ, ಆ ಕ್ಷಣದಲ್ಲಿ ನನಗೆ ಎಲ್ಲ ಹೊಳೆಯಿತು. ಅಂಚಿಗೆ ತಾಗಿದ ಆ ತುದಿಯಲ್ಲಿ ಒಂದರ ಬದಲು ಎರಡು ತೂತು ಆಗಿತ್ತು. ಒಂದೇ ಕಣದ ಮೇಲೆ ಮೊದಲು ಒಂದು ತೂತು ಹಾದು, ಆಮೇಲೆ ಇನ್ನೊಂದು ಹಾದು, ಒಂದನ್ನು ಎರಡಾಗಿ ಬರೆದಿತ್ತು. ಮೇಡಂ ನನ್ನ ಕಡೆ ತಿರುಗಿದರು. "ತುದಿ ಮಾಡಿದೋರು ನೀವು. ಅದು ಸರಿಯಿತ್ತಾ?"

"ಸರಿಯಿತ್ತು" ಅಂದೆ.

ತುದಿ ಸರಿಯಿದ್ದರೆ ಆ ಜೋಡಿಗಳು ಬರುವುದಕ್ಕೆ ಇನ್ನೊಂದೇ ದಾರಿ. ಚಿತ್ರದ ನಕಲನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಸರಿಸಿ ಚಿತ್ರದ ಮೇಲೇ ಕೂರಿಸಿದ್ದೀಯ ಎಂದು ಅವರು ಬರೆದರು. ಮೋಸ ಎಂಬ ಪದ ಬಳಸಲಿಲ್ಲ, ಬಳಸುವ ಅಗತ್ಯವೂ ಇರಲಿಲ್ಲ. ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಒಮ್ಮೆ ತಿರುಗಿ ನೋಡಿದೆ, ಅನುಮಾನದಿಂದಲ್ಲ. ಅಮ್ಮ ಸರಿಯಿತ್ತು ಅಂದರೆ ಸರಿಯೇ ಇರಬೇಕು, ಹಾಗಾದರೆ ತಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದ ಮುಖ ಅದು. ಇನ್ನು ಎರಡು ದಿನ ಬಿಟ್ಟು ಹೇಳುತ್ತೇನೆ ಎಂದುಕೊಂಡೆ. ನೀನು ಲೇಖನ ವಾಪಸು ತೆಗೆದುಕೊಂಡ ದಿನ, ವಾರ ಬಿಟ್ಟು ಹೇಳುತ್ತೇನೆ ಎಂದುಕೊಂಡೆ. ಪೆಟ್ಟಿಗೆ ಕಟ್ಟಿಕೊಂಡು ಬಸ್ಸು ಹತ್ತಿದ ದಿನ ಏನನ್ನೂ ಅಂದುಕೊಳ್ಳಲಿಲ್ಲ.

ನಿಮ್ಮಪ್ಪ ಬಸ್ಸಿನಲ್ಲಿ ಯಾರೋ ಮರೆತ ಛತ್ರಿ ಹಿಡಿದುಕೊಂಡು ಮೂರು ಬೀದಿ ಅಲೆದು ಕೊಟ್ಟು ಬಂದ ಮನುಷ್ಯ. ನೀನು ಊರು ಬಿಡುವ ಮೊದಲು ನಿನ್ನ ಮುಂದೆ ಅವರು ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ: "ನಿಮ್ಮಮ್ಮ ಸುಳ್ಳು ಹೇಳೋಳಲ್ಲ. ತುದಿ ಸರಿಯಿತ್ತು ಅಂದಮೇಲೆ ಸರಿಯಿತ್ತು. ತಪ್ಪು ಮಾಡಿದ್ರೆ ಒಪ್ಕೊಂಡುಬಿಡು ಮಗಾ, ಹಗುರ ಆಗುತ್ತೆ." ನಾನು ನಲ್ಲಿ ಜೋರಾಗಿ ಬಿಟ್ಟು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆಮೇಲೆ ಏಳು ವರ್ಷ ನೀವಿಬ್ಬರೂ ಫೋನಿನಲ್ಲಿ ಹವಾಮಾನದ ಮಾತು ಮಾತ್ರ ಆಡಿದಿರಿ. ಹೋದ ವರ್ಷ ಅವರು ತೀರಿಕೊಂಡಾಗ ನೀನು ಬೆಳಗ್ಗೆ ಬಂದು, ಎಲ್ಲ ಮುಗಿಸಿ, ಸಂಜೆಯ ಬಸ್ಸಿಗೇ ಹೊರಟೆ. ಅವರ ಕನ್ನಡಕವನ್ನು ಒರೆಸಿ ಡಬ್ಬಿಯಲ್ಲಿಟ್ಟು ಹೋಗಿದ್ದೆ. ನೀನು ಹೋದ ಮೇಲೆ ನೋಡಿದೆ.

ಕಳೆದ ಸೋಮವಾರ ಪ್ರಯೋಗಾಲಯಕ್ಕೆ ಹೋಗಿ ನಿರ್ದೇಶಕರಿಗೆ ಎಲ್ಲವನ್ನೂ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. "ಎಂಟು ವರ್ಷ ಆಯ್ತಲ್ಲಮ್ಮ. ಬರೀ ಬಾಯಿಮಾತಲ್ಲಿ ಯಾರು ನಂಬ್ತಾರೆ?" ಅಂದರು. ನಾನು ಚೀಲದಿಂದ ಹದಿನಾಲ್ಕನೇ ತುದಿಯನ್ನು ತೆಗೆದಿಟ್ಟೆ. ಅದನ್ನು ಎಸೆಯಲು ನನಗೆ ಮನಸ್ಸು ಬಂದಿರಲಿಲ್ಲ, ಗುಂಡಿಗಳ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವರೇ ನೋಡಿದರು. ಎರಡು ತೂತು, ನಡುವೆ ನೂರಾಹತ್ತು ನ್ಯಾನೋಮೀಟರ್. ನಿನ್ನ ಚಿತ್ರದಲ್ಲಿ ಜೋಡಿಗಳ ನಡುವಿನ ಅಂತರವೂ ಅಷ್ಟೇ. ನಿರ್ದೇಶಕರು ಕನ್ನಡಕ ತೆಗೆದು, "ಆ ಹುಡುಗಿ ತನಗೆ ಕಂಡದ್ದನ್ನೇ ಬರೆದಿದ್ದಳು" ಅಂದರು. ನನ್ನ ಹೇಳಿಕೆಗೆ ರುಜು ಹಾಕಿಸಿಕೊಂಡಿದ್ದಾರೆ. ರುಜು ಮಾಡುವಾಗ ಕೈ ನಡುಗಿದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ನಿನ್ನ ಲೇಖನ ಬಂದ ಪತ್ರಿಕೆಗೂ ಬರೆಯುತ್ತಾರಂತೆ, ನಿನಗೂ ಬರೆಯುತ್ತಾರೆ. ಮತ್ತೆ ಬರುತ್ತಾಳಾ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಮೂವತ್ತಕ್ಕೆ ಬಿಟ್ಟುಹೋದದ್ದು ಮೂವತ್ತೆಂಟಕ್ಕೆ ಸಿಗುತ್ತದೆಯೇ ಎಂದು ನನಗೆ ಹೇಗೆ ಗೊತ್ತಾಗಬೇಕು.

ಕ್ಷಮಿಸು ಎಂದು ಕೇಳುವ ಕಾಗದವಲ್ಲ ಇದು. ನೀನು ಏನೂ ಸುಳ್ಳು ಮಾಡಿರಲಿಲ್ಲ ಎಂಬುದು ನಿನಗೆ ಗೊತ್ತಾಗಬೇಕಿತ್ತು. ಕೆಲವು ರಾತ್ರಿ ನಿನ್ನ ಮೇಲೆ ನಿನಗೇ ಅನುಮಾನ ಬಂದಿರುತ್ತದೆ, ತಾಯಿಗೆ ಅಷ್ಟು ಗೊತ್ತಾಗುತ್ತದೆ. ಮಾತ್ರೆಯ ಹೊತ್ತು ಮುಗಿಯುತ್ತಾ ಬಂತು, ಅಕ್ಷರ ಸೊಟ್ಟಗಾಗುತ್ತಿದೆ. ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗು. ಎಲ್ಲಿದ್ದರೂ ಎದೆ ಹಗುರಾಗಿ ಬಾಳು, ಮಗಳೇ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ನಿಮ್ಮಪ್ಪ ನಿನ್ನನ್ನು ತಪ್ಪು ತಿಳಿದುಕೊಂಡೇ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಬುಧವಾರ ಅವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಗೋಡೆ ಕಡೆ ತಿರುಗಿ ಮಲಗಿದರು, ಆಮೇಲೆ, "ಅವಳನ್ನ ಕರೆಸು. ನಾನು ಅವಳ ಹತ್ರ ಮಾತಾಡ್ಬೇಕು" ಅಂದರು. ಫೋನ್ ಮಾಡಿದ್ದೇನೆ, ಬರುತ್ತಿದ್ದಾಳೆ ಎಂದು ಹೇಳಿದೆ. ಮಾಡಿರಲಿಲ್ಲ. ನೀನು ಬಂದರೆ ನಿನಗೂ ಹೇಳಬೇಕಾಗುತ್ತಿತ್ತು. ಬುಧವಾರ, ಗುರುವಾರ ಎರಡು ದಿನವೂ ಬಾಗಿಲು ಸದ್ದಾದಾಗಲೆಲ್ಲ ಅವರು ತಲೆ ಎತ್ತಿ ನೋಡುತ್ತಿದ್ದರು.